ನೀರು ಮುಟ್ಟದ ಹುಟ್ಟು

ಕಿನ್ನಾಳ, ತಾ. ಕೊಪ್ಪಳ
10 ಆಗಸ್ಟ್ 1984, ಶುಕ್ರವಾರ

ಚಿರಂಜೀವಿ ಶೇಖರಮ್ಮಳಿಗೆ ನಿನ್ನ ಅಪ್ಪನ ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು. ಕಳೆದ ತಿಂಗಳು ನೀನು ನನ್ನಿಂದ ಒಯ್ದ ಸ್ಟೆಪ್ನಿ ಹುಟ್ಟನ್ನು ದೋಣಿಯಿಂದ ತೆಗೆದುಹಾಕು. ಅದನ್ನು ನಂಬಿಕೊಂಡು ಬರುವ ಸೋಮವಾರ ನೀರು ಅಳೆಯಲು ಅಣೆಕಟ್ಟಿನ ಹಿನ್ನೀರಿಗೆ ಇಳಿಯಬೇಡ. ಅದು ನೀರು ತಡೆಯುವುದಿಲ್ಲ. ಈ ಪತ್ರ ತರುವ ರಸೂಲಸಾಬನ ಕೈಯಲ್ಲಿ ಹೊಸ ಹುಟ್ಟು ಕಳಿಸಿದ್ದೇನೆ. ಮುನಿರಾಬಾದಿನ ನಿನ್ನ ಕೋಣೆಗೆ ಬೀಗ ಇದ್ದರೆ ನೀನು ಬರುವವರೆಗೂ ಬಾಗಿಲಲ್ಲೇ ಕೂತಿರಬೇಕೆಂದು ಅವನಿಗೆ ಹೇಳಿದ್ದೇನೆ. ಭಾನುವಾರವಾದರೂ ಸರಿ.

ನಾನೇ ಬರಬೇಕಾಗಿತ್ತು. ಮೊಣಕಾಲಿನ ನೋವು ಜಾಸ್ತಿಯಾಗಿದೆ, ರೈಲು ಹತ್ತಿ ಇಳಿಯುವುದು ಆಗುವುದಿಲ್ಲ.

ಆದದ್ದು ಹೀಗೆ. ನಿನ್ನ ಹುಟ್ಟು ಮಾಡುವಾಗ ಜೋಡಣೆ ಪರೀಕ್ಷಿಸಲು ಗೇಣುದ್ದದ ಎರಡು ತುಂಡು ಮಾಡಿಕೊಂಡಿದ್ದೆ. ಒಂದು ಕೋಲಿನ ತುದಿಗೆ ಮರದ ಬಳೆ ಕೂರಿಸಿ ಅಂಟು ಹಾಕಿ, ಇನ್ನೊಂದು ಕೋಲನ್ನು ಆ ಬಳೆಯೊಳಗೆ ತೂರಿಸುವುದು. ನಿನ್ನ ಹುಟ್ಟಿನ ಮೂರೂ ಜೋಡಣೆ ಅದೇ ರೀತಿಯವು. ಬಳೆ ಇದ್ದ ಆ ತುಂಡನ್ನು ನಿನ್ನ ಅವ್ವ ನೀರಿನ ಕೊಡ ಅಲುಗಾಡಬಾರದೆಂದು ಅದರ ಕೆಳಗೆ ಕೊಟ್ಟಿದ್ದಳು. ಮಂಗಳವಾರ ಮಧ್ಯಾಹ್ನ ಕೊಡ ವಾಲಿತು. ತೆಗೆದು ನೋಡಿದರೆ ಬಳೆ ಬೇರೆ, ಕೋಲು ಬೇರೆ. ನಾನು ಗೊಂಬೆಗೆ ಹಾಕುವ ಹುಣಸೆ ಬೀಜದ ಅಂಟು ಗಂಜಿಯಾಗಿ ಬೆರಳಿಗೆ ಮೆತ್ತಿಕೊಂಡಿತು. ಮೇಲಿನ ಬಣ್ಣ ಮಾತ್ರ ಹಾಗೆಯೇ ಹೊಳೆಯುತ್ತಿತ್ತು.

ನಿನ್ನ ಅವ್ವ ಬಳೆ, ಕೋಲು ಎರಡನ್ನೂ ತಂದು ನನ್ನ ಮುಂದೆ ಇಟ್ಟಳು. “ಹುಟ್ಟಿಗೂ ಇದ ಅಂಟೇನು?” ಎಂದಳು. ಹೌದು ಎಂದೆ. “ನಿಮ್ಮ ಗೊಂಬಿ ದೇವರ ಜಗಲಿ ಮ್ಯಾಲ ಕುಂದರತಾವು. ನನ್ನ ಮಗಳು ನೀರಾಗ ಕುಂದರತಾಳ,” ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಊಟಕ್ಕೆ ಕರೆಯುವುದಕ್ಕೂ ಪಕ್ಕದ ಮನೆಯ ಕಳಕಮ್ಮನನ್ನು ಕಳಿಸುತ್ತಾಳೆ. ಅವಳು ಹೊಸ್ತಿಲಲ್ಲಿ ನಿಂತು, “ಕಾಕಾರ, ರೊಟ್ಟಿ ಆರಾಕತ್ತ್ಯಾವಂತ. ಹಸಿವು ಇದ್ರ ಬರಬೇಕಂತ, ಇಲ್ಲದಿದ್ರ ಛಲೋ ಆತಂತ,” ಎಂದು ಹೇಳಿ ಓಡುತ್ತಾಳೆ.

ತಪ್ಪು ಎಲ್ಲಿಂದ ಶುರುವಾಯಿತೆಂದು ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೇನೆ. ಜೂನ್ ತಿಂಗಳಲ್ಲಿ ನೀನು ಬಂದು, ಆ ಜರ್ಮನಿಯವರು ನಿಮ್ಮ ಕಚೇರಿಗೆ ಬಿಟ್ಟುಹೋದ ಮಡಚುವ ದೋಣಿಯ ವಿಷಯ ಹೇಳಿದೆ. ಒಬ್ಬರೇ ಕೂರುವ ದೋಣಿ, ರಬ್ಬರು ಬಳಿದ ಬಟ್ಟೆ, ಒಳಗೆ ಮರದ ಪಕ್ಕೆಗಳು, ಎರಡು ಕಡೆ ಅಲಗು ಇರುವ ಒಂದೇ ಹುಟ್ಟು. ಆ ಒಂದು ಹುಟ್ಟು ಕೈಬಿಟ್ಟರೆ ಗಾಳಿ ಒಯ್ದ ಕಡೆ ಹೋಗಬೇಕು, ಆದ್ದರಿಂದ ಬಿಚ್ಚಿ ಇಡಲು ಬರುವಂಥ ಸ್ಟೆಪ್ನಿ ಒಂದು ಬೇಕು ಎಂದೆ. ಅಳತೆಯ ದಾರವನ್ನೂ ನೀನೇ ತಂದಿದ್ದೆ. ಒಟ್ಟು ಎಂಟು ಅಡಿ, ಎರಡು ತುಂಡಾದರೆ ಸಾಕು ಎಂದು ಸ್ಪಷ್ಟವಾಗಿ ಹೇಳಿದ್ದೆ.

ನಾನು ನಾಲ್ಕು ತುಂಡು ಮಾಡಿದೆ. ಚಿಕ್ಕದಾದಷ್ಟೂ ಇಡುವುದು ಸುಲಭ ಎಂದುಕೊಂಡೆ. ಒಂದು ಜೋಡಣೆ ಸಾಕಾಗಿದ್ದಲ್ಲಿ ಮೂರಾದವು. ಮರವೂ ಗೊಂಬೆಯ ಹಗುರ ಮರವೇ. ಕೈಯಲ್ಲಿ ಹಿಡಿದರೆ ಹೂವಿನಂತೆ ಇರಬೇಕೆಂಬ ಆಸೆ. ಹೊಳೆಯ ನೀರನ್ನು ಹಿಂದಕ್ಕೆ ತಳ್ಳುವ ವಸ್ತು ಹೂವಿನಂತೆ ಇರಬಾರದು ಎಂಬುದು ನನಗೆ ಹೊಳೆಯಲಿಲ್ಲ. ನಮ್ಮ ಮನೆತನದಲ್ಲಿ ನೀರಿಗಾಗಿ ಯಾರೂ ಏನೂ ಮಾಡಿದವರಲ್ಲ.

ಇನ್ನೊಂದು ಚಿಂತೆ ನಿನ್ನ ಕಾಗದದಿಂದಲೇ ಬಂತು. ನಾಲ್ಕು ತುಂಡನ್ನೂ ಚೀಲದಲ್ಲಿ ಕಟ್ಟಿ ದೋಣಿಯ ಮೂತಿಯೊಳಗೆ, ನೀರಿನ ಬಾಟಲಿಗಳ ಪೆಟ್ಟಿಗೆಯ ಆಚೆ ಇಟ್ಟಿದ್ದೇನೆ ಎಂದು ಬರೆದಿದ್ದೀಯ. ಅದರ ಮುಂದಿನ ಸಾಲಿನಲ್ಲೇ, ಜುಲೈ ಮೂವತ್ತರಂದು ಗಾಳಿಗೆ ಹುಟ್ಟು ಕೈಜಾರಿತ್ತು, ಬಗ್ಗಿ ಹಿಡಿದುಕೊಂಡೆ ಎಂದೂ ಬರೆದಿದ್ದೀಯ. ಈ ಎರಡು ಸಾಲನ್ನು ನೀನು ಒಟ್ಟಿಗೆ ಇಟ್ಟು ಓದಿಲ್ಲ. ನಾನು ಓದುತ್ತಲೇ ಇದ್ದೇನೆ.

ಹುಲಿಗಿಯಲ್ಲಿ ಹರಿಗೋಲು ಹಾಕುವ ಮುದುಕಪ್ಪನನ್ನು ವಿಚಾರಿಸಿದ್ದಾಯಿತು. ಅವನು ನಕ್ಕನಂತೆ. “ಹುಟ್ಟು ಕೈ ಬಿಟ್ಟಾಗ ಎದ್ದು ಹುಡುಕಾಕ ಅದೇನು ಮನಿ ಅಟ್ಟೇನ್ರಿ? ಕುಂತಲ್ಲೇ ಕೈಗೆ ಸಿಗಬೇಕು. ಹಗ್ಗದ ಗಂಟು ಹಾಕಬ್ಯಾಡ್ರಿ ಮತ್ತ. ನೆನದ ಗಂಟು ಹಲ್ಲು ಹಾಕಿದ್ರೂ ಬಿಚ್ಚಂಗಿಲ್ಲ,” ಎಂದನಂತೆ.

ಅದರ ಪ್ರಕಾರ ಹೊಸದು ಮಾಡಿದೆ. ಎರಡೇ ತುಂಡು. ಹಳೆಯ ಸಾಗವಾನಿ ತೊಲೆ ಸೀಳಿಸಿ, ಅಲಗು ಮತ್ತು ಕೋಲು ಒಂದೇ ಮರದಲ್ಲಿ ಬರುವಂತೆ ಕೆತ್ತಿದ್ದೇನೆ. ಎಲ್ಲಿಯೂ ಅಂಟು ಇಲ್ಲ. ನಡುವಿನ ಜೋಡಣೆಗೆ ರಸೂಲಸಾಬ ಹಿತ್ತಾಳೆಯ ಕೊಳವೆ ಹಾಕಿ ರಿವೆಟ್ ಹೊಡೆದಿದ್ದಾನೆ. ಪಂಪ್‌ಸೆಟ್ ರಿಪೇರಿ ಮಾಡುವ ಕೈ, ನೀರಿನ ಗುಣ ಅವನಿಗೆ ಗೊತ್ತು. ಮರ ನೆನೆದು ಉಬ್ಬಿದರೆ ಕೊಳವೆಯೊಳಗೆ ಹೋಗುವುದಿಲ್ಲ ಎಂದು ಅವನೇ ಎಚ್ಚರಿಸಿದ. ಕಾಗದದ ದಪ್ಪದಷ್ಟು ಸಡಿಲ ಬಿಟ್ಟು, ಎಮ್ಮೆಯ ಬಾನಿಯಲ್ಲಿ ನಿನ್ನೆ ರಾತ್ರಿಯಿಡೀ ಮುಳುಗಿಸಿ ಇಟ್ಟಿದ್ದೆವು. ಇವತ್ತು ತೆಗೆದು ನೋಡಿದೆವು. ಸರಿಯಾಗಿ ಕೂತಿತು, ಬಿಚ್ಚಿಯೂ ಬಂತು. ಬಣ್ಣ ಹಚ್ಚಿಲ್ಲ, ಅಗಸೆ ಎಣ್ಣೆ ಮಾತ್ರ. ಎಣ್ಣೆ ಉಜ್ಜುತ್ತಿದ್ದಾಗ ರಸೂಲಸಾಬ, “ಅಣ್ಣಾರ, ಇದಕ್ಕ ಕಣ್ಣು ಮೂಗು ಬರಿಯಂಗಿಲ್ಲೇನ್ರಿ?” ಎಂದು ಚೇಷ್ಟೆ ಮಾಡಿದ. ಒಳಗಿನಿಂದ ನಿನ್ನ ಅವ್ವ ನಕ್ಕದ್ದು ಕೇಳಿಸಿತು. ಮೊದಲಿನದಕ್ಕಿಂತ ಇದರ ತೂಕ ಎರಡು ಪಟ್ಟು. ಬೇಸರ ಮಾಡಿಕೊಳ್ಳಬೇಡ.

ಇದನ್ನು ದೋಣಿಯ ಒಳಗೆ ಇಡಬೇಡ. ನೀನು ಕೂರುವ ಜಾಗದ ಮುಂದೆ, ಮೇಲಿನ ಬಟ್ಟೆಯ ಮೇಲೆ, ಎಡಕ್ಕೊಂದು ಬಲಕ್ಕೊಂದು ತುಂಡು ಇರಲಿ. ಅಲಗು ಮೂತಿಯ ಕಡೆ, ಕೊಳವೆ ನಿನ್ನ ಕಡೆ. ಸೈಕಲ್ ಟ್ಯೂಬು ಕತ್ತರಿಸಿದ ನಾಲ್ಕು ಪಟ್ಟಿ ಕಳಿಸಿದ್ದೇನೆ. ಅವುಗಳ ಕೆಳಗೆ ತೂರಿಸಿದರೆ ಅಲೆಗೆ ಜಾರುವುದಿಲ್ಲ, ಒಂದು ಕೈಯಿಂದ ಎಳೆದರೆ ಬರುತ್ತದೆ. ನೆಲದ ಮೇಲೆ ದೋಣಿ ಇಟ್ಟುಕೊಂಡು, ಕಣ್ಣು ಮುಚ್ಚಿ ಹತ್ತು ಸಲ ಎಳೆದು ಜೋಡಿಸು. ಜೋಡಿಸಲು ಸಮಯ ಸಿಗದಿದ್ದರೆ ಒಂದೇ ತುಂಡು ಹಿಡಿದು ಹರಿಗೋಲಿನವರಂತೆ ನೀರು ಎಳೆದುಕೊಂಡು ದಡಕ್ಕೆ ಬಾ. ದೋಣಿಯ ಜೊತೆ ಬಂದ ಹುಟ್ಟಿಗೂ ಒಂದು ದಾರ ಕಟ್ಟಿ ದೋಣಿಗೆ ಸಿಕ್ಕಿಸು.

ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಕರು ಹಾಕಿದೆ. ಹಬ್ಬಕ್ಕೆ ಬರುತ್ತೀಯೋ ಎಂದು ನಿನ್ನ ಅವ್ವ ಕಳಕಮ್ಮನ ಬಾಯಿಂದ ನನ್ನನ್ನು ಕೇಳಿಸಿದ್ದಾಳೆ. ಉತ್ತರವನ್ನು ಅವಳಿಗೇ ಬರೆ.

ಸೋಮವಾರ ಗಾಳಿ ಎದ್ದರೆ ಹೋಗಬೇಡ. ಒಂದು ವಾರ ನೀರು ಅಳೆಯದಿದ್ದರೆ ಅಣೆಕಟ್ಟು ಎಲ್ಲಿಗೂ ಹೋಗುವುದಿಲ್ಲ.

ನಿನ್ನ ಅಪ್ಪ,
ಗವಿಸಿದ್ದಪ್ಪ ಚಿತ್ರಗಾರ

ತಾ. ಕ.: ಬರೆದದ್ದನ್ನು ರಸೂಲಸಾಬನಿಗೆ ಓದಿ ಹೇಳಿದೆ. ಅವನು ಹೆಗಲ ಮೇಲಿನ ಹುಟ್ಟನ್ನು ಇಳಿಸಿ ಗೋಡೆಗೆ ಒರಗಿಸಿದ. “ಇಷ್ಟ ಬರದ್ರ ನಾ ಒಯ್ಯಂಗಿಲ್ರಿ ಅಣ್ಣಾರ. ಅದು ಹಂಗ ಆಗಿದ್ದಿಲ್ಲ. ಆಕಿ ಇದನ್ನೂ ಹಿಡಕೊಂಡು ನೀರಿಗೆ ಹೋಗಾಕಿ ಅದಾಳ. ಖರೇ ಏನೈತಿ ಅದನ್ನ ಬರೀರಿ,” ಎಂದ. ಅವನು ಕಟ್ಟೆಯ ಮೇಲೆ ಕೂತಿದ್ದಾನೆ, ನಾನು ಬರೆಯುತ್ತಿದ್ದೇನೆ.

ಅಂಟಿನ ವಿಷಯ ನನಗೆ ಮಂಗಳವಾರ ಗೊತ್ತಾದದ್ದಲ್ಲ. ನೀನು ಹುಟ್ಟು ಒಯ್ಯಲು ಬಂದ ಜುಲೈ ಹದಿನೈದರ ಬೆಳಿಗ್ಗೆ ಇವನು ಜೋಡಣೆ ಮುಟ್ಟಿ ನೋಡಿ, “ಇದು ನೀರು ತಡೀತೈತೇನ್ರಿ?” ಎಂದು ಕೇಳಿದ್ದ. ನಲವತ್ತು ವರ್ಷ ಆ ಅಂಟನ್ನು ನೀರಿನಲ್ಲೇ ಕದಡಿ ಕಾಸಿದವನು ನಾನು. ನೀರು ಬಿದ್ದರೆ ಅದು ಏನಾಗುತ್ತದೆಂದು ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? “ಇದು ಸ್ಟೆಪ್ನಿ ಮಾರಾಯಾ. ಬರೇ ಕಟ್ಟಿ ಇಡೂದು. ಇದು ನೀರು ಮುಟ್ಟೂದ ಇಲ್ಲ,” ಎಂದೆ. ಒಂದು ವಾರ ತಡೆದು ಬೇರೆ ಮಾಡಿಕೊಡೋಣವೆಂದು ಮನಸ್ಸಿನಲ್ಲಿ ಬಂದದ್ದೂ ನಿಜ. ಅಷ್ಟರಲ್ಲಿ ನೀನು ಬಂದೆ. ಗೊಂಬೆ ಮಾಡುವವನ ಮಗಳು ನೀರು ಅಳೆಯಲು ಹೋಗುವುದೇ ಎಂದು ನಾನು ಆಡಿದ ಮಾತಿಗೆ ಜೂನ್‌ವರೆಗೂ ಎರಡು ವರ್ಷ ಈ ಮನೆಯ ಮೆಟ್ಟಿಲು ಹತ್ತದಿದ್ದ ನೀನು, ಓಣಿಯ ಐದಾರು ಜನರ ಮುಂದೆ ಹುಟ್ಟನ್ನು ಎತ್ತಿ ಹಿಡಿದು, “ನೋಡ್ರಿ, ಇದನ್ನ ನಮ್ಮಪ್ಪ ಮಾಡ್ಯಾನ,” ಎಂದೆ. ಅದನ್ನು ನಿನ್ನ ಕೈಯಿಂದ ವಾಪಸು ಇಸಿದುಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲೆ ನಾಲ್ಕು ಸೋಮವಾರ ಹೋದವು. ನಾಲ್ಕು ದಿನವೂ ಕೊಪ್ಪಳದ ಕೊನೆಯ ಬಸ್ಸು ಬಂದು, ಇಳಿದವರಲ್ಲಿ ಯಾರೂ ನನ್ನ ಹೆಸರು ಕೇಳದೆ ಹೋಗುವವರೆಗೂ ನಾನು ಊರ ಅಗಸಿ ಬಾಗಿಲ ಹತ್ತಿರ ನಿಂತಿದ್ದೆ.

ಮೊಣಕಾಲು ನೆಟ್ಟಗಿದೆ. ಮುದುಕಪ್ಪನನ್ನು ಕೇಳಲು ಬುಧವಾರ ಹುಲಿಗಿಗೆ ನಾನೇ ಬಂದಿದ್ದೆ. ಅಲ್ಲಿಂದ ನಿನ್ನ ಕೋಣೆ ಎಷ್ಟು ಹತ್ತಿರ ಎಂದು ನಿನಗೆ ಗೊತ್ತು. ಮುಖ ತೋರಿಸಲಾರದೆ ತಿರುಗಿ ರೈಲು ಹತ್ತಿದೆ.

ಈಗ ರಸೂಲಸಾಬ ಎದ್ದು ಹುಟ್ಟನ್ನು ಹೆಗಲಿಗೆ ಏರಿಸಿಕೊಂಡ. ಮಗಳೇ, ಇದು ಕೈಗೆ ಬಂದ ಕೂಡಲೇ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ನಡುವೆ ಕಾಲಿಟ್ಟು ತುಳಿ. ನಿನ್ನ ಪೂರ್ತಿ ಭಾರ ಹಾಕಿ ತುಳಿ. ಮುರಿದರೆ ಅಲ್ಲೇ ಬಿಸಾಕಿ ಬೇರೆಯವರ ಹತ್ತಿರ ಮಾಡಿಸು. ಮುರಿಯದಿದ್ದರೆ ಮಾತ್ರ ದೋಣಿಯಲ್ಲಿಡು. ಅಪ್ಪ ಮಾಡಿದ್ದು ಎಂದು ನಂಬಬೇಡ.