ಜೋಳದ ಲಜಾನ್ಯಾ

ಝಹೀರಾಬಾದ್
ಫೆಬ್ರವರಿ ೨೨, ಭಾನುವಾರ

ಪ್ರೀತಿಯ ಪ್ರೇಮಲಕ್ಕಾ,

ಇಲ್ಲ, ಬೇಕಂತ ಮಾಡಿಲ್ಲ. ನಿನ್ನ ಸಂಬಂಧ ಮುರಿಯಲಿ ಅಂತಲೇ ನಾನು ಜೋಳ ಹಾಕಿದೆ ಅಂತ ನೀನು ಬಾಯಿಬಿಟ್ಟು ಅಂದಿಲ್ಲ. ಆದರೆ ಬ್ಯಾಗು ಹಿಡಿದು ಅತ್ತೆಯ ಮನೆಗೆ ಅಂತ ನಾರಾಯಣಖೇಡದ ಬಸ್ಸು ಹತ್ತುವಾಗ ಒಂದು ಸಲ ತಿರುಗಿ ನೋಡಿದೆಯಲ್ಲ, ಅದರಲ್ಲಿ ಅಷ್ಟೂ ಇತ್ತು. ಹದಿನಾಲ್ಕು ಸಲ ಫೋನ್ ಮಾಡಿದೆ, ಹದಿನಾಲ್ಕು ಸಲವೂ ಕಟ್ ಮಾಡಿದಿ. ಅದಕ್ಕೇ ಕಾಗದ. ಪಕ್ಕದ ಮನೆ ಲಚ್ಚಮ್ಮ ನಾಳೆ ಆ ಕಡೆ ಬರುತ್ತಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವನ ಅಕ್ಷರ, ಕಣ್ಣು ಹಿಗ್ಗಿಸಿ ಓದು. ಮೊದಲು ಆರೋಗ್ಯ ಕೇಳಬೇಕಂತೆ, ಕೇಳಿದೆ. ತಲೆಶೂಲೆ ನಿಂತಿತಾ? ಜಗದೇವಿ ಅತ್ತೆ ಚಹಾಕ್ಕೆ ಸಕ್ಕರೆ ಸುರಿಯುತ್ತಾಳೆ, ಬೇಡ ಅನ್ನು.

ಈಗ ಹೇಳು, ಸುಳ್ಳು ಶುರು ಮಾಡಿದ್ದು ಯಾರು? ಅವ್ವ ಸತ್ತ ವರ್ಷದೊಳಗೆ ನಿನ್ನ ಲಗ್ನ ಆಗಬೇಕಂತ ಅಪ್ಪನ ಅವಸರ. ತಾಂಡೂರಿನ ಹುಡುಗ ಹೈದರಾಬಾದಿನ ಯಾವುದೋ ಮದುವೆಯಲ್ಲಿ ಲಜಾನ್ಯಾ ಅನ್ನುವ ಇಟಲಿಯ ತಿನಿಸು ತಿಂದು ಮೆಚ್ಚಿದ್ದನಂತೆ. ಅಷ್ಟು ಕಿವಿಗೆ ಬಿದ್ದದ್ದೇ ತಡ, ಅಪ್ಪ ಫೋನಿನಲ್ಲಿ, "ಅಯ್ಯ, ನಮ್ ಪ್ರೇಮಲಾ ಮನ್ಯಾಗೇ ಮಾಡ್ತಾಳ್ರಿ!" ಅಂದುಬಿಟ್ಟ. ನಿನಗೆ ಅದರ ವಾಸನೆಯೂ ಗೊತ್ತಿಲ್ಲ. ಹೈವೇ ಹೋಟೆಲಿನಲ್ಲಿ ಎರಡು ವರ್ಷ ಅದನ್ನು ಪದರ ಪದರ ಜೋಡಿಸಿದವನು ನಾನು. ನನಗೆ ಮಾತ್ರ ಹುಕುಂ: "ನೀ ಮಾಡಿಡು, ಹೊರಗ ಬರಬ್ಯಾಡ. ಗಂಡ್ಸು ಒಲಿ ಮುಂದ ಕೂಡ್ತಾನಂದ್ರ ಮರ್ಯಾದಿ ಹೋಗ್ತದ." ನನ್ನ ಕೈಯ ಅಡುಗೆ ಪಡಸಾಲೆಗೆ ಬೇಕು, ನಾನು ಹಿತ್ತಲಿಗೆ.

ಮುಂಜಾನೆ ಐದಕ್ಕೆ ಎದ್ದೆ. ಬದನೆಕಾಯಿ ತೆಳ್ಳಗೆ ಕೊಯ್ದು ಉಪ್ಪು ಹಚ್ಚಿ ಕಹಿ ಇಳಿಸಿದೆ. ಗಜ್ಜರಿ, ಮೆಂತ್ಯ ಸೊಪ್ಪು, ಹಸಿ ಕಡಲೆ, ಒಂದೊಂದನ್ನೂ ಬೇರೆ ಬೇರೆ ಹುರಿದೆ. ಟೊಮೆಟೊ ಕುದಿಸಿ ರಸ ಮಾಡಿ, ಹಾಲಿಗೆ ಮೈದಾ ಕೂಡಿಸಿ ಬಿಳಿ ಸಾಸು ಗಂಟಾಗದ ಹಾಗೆ ತಿರುವಿದೆ. ನಮ್ಮ ಮನೆಯಲ್ಲಿ ಓವನ್ ಎಲ್ಲಿದೆ? ದೊಡ್ಡ ಡೇಗಿನಲ್ಲಿ ಉಸುಕು ಕಾಸಿ, ಅದರೊಳಗೆ ತಟ್ಟೆ ಇಳಿಸಿ, ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿದೆ. ನಿನಗೆ ಹಿಂದಿನ ದಿನವೇ ಪಾಠ ಹೇಳಿದ್ದೆ, ಪದರ ಏನಂತ ಕೇಳಿದರೆ ಮೈದಾ ಹಾಳೆ ಅನ್ನು ಅಂತ. ಹೋಟೆಲಿನಿಂದ ತಂದ ಹಾಳೆಯ ಪಾಕೀಟು ಹಸಿ ಹಿಡಿದು ಕೆಟ್ಟಿತ್ತು. ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಇದ್ದವು, ಟೊಮೆಟೊ ರಸದಲ್ಲಿ ನೆನೆಸಿ ಹಾಸಿದೆ. ನಿನಗೆ ಹೇಳಲು ಮರೆತೆ. ಇಷ್ಟೇ. ಇಷ್ಟಕ್ಕೆ ನಾನು ದುಷ್ಮನ್ ಆದೆನಾ?

ಕಿಟಕಿಯ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡೆ. ಹುಡುಗನ ತಾಯಿ ಸುಭದ್ರಮ್ಮ ಎರಡು ಸಲ ಹಾಕಿಸಿಕೊಂಡಳು. "ಪದರ ಏನಿಂದವಾ?" ಅಂದಳು. ನೀನು ಗಿಳಿಯ ಹಾಗೆ, "ಮೈದಾ ಹಾಳಿ ರೀ, ನಾನೇ ಲಟ್ಟಿಸೀನಿ." ಅವಳು ನಕ್ಕಳು. "ಮಗಳೇ, ಅರವತ್ತು ವರ್ಷ ಜೋಳ ತಿಂದ ಬಾಯಿ ಇದು. ರೊಟ್ಟಿ ಅದ ಇದು. ಇಷ್ಟು ತೆಳ್ಳಗ ಬಡಿಯೋ ಕೈ ನಿನ್ನ ವಯಸ್ಸಿಂದಲ್ಲ." ಆಗಲಾದರೂ ನಿಜ ಹೇಳಬಹುದಿತ್ತು. ಅಪ್ಪ ಇನ್ನೊಂದು ಸುಳ್ಳು ಬಿಟ್ಟ, ಹೋಟೆಲಿನಿಂದ ತರಿಸಿದ್ದು ಅಂತ. ಅವಳು ಎದ್ದು ಕೈ ತೊಳೆದಳು. "ರುಚಿ ಖರೇ ಅದ್ರಿ, ಮಾತು ಖರೇ ಇಲ್ಲ. ನಾವ್ ಬರ್ತೀವಿ." ಜೋಳಕ್ಕೆ ಯಾರೂ ಎದ್ದು ಹೋಗಲಿಲ್ಲ ಅಕ್ಕಾ, ಸುಳ್ಳಿಗೆ ಹೋದರು. ಬೈಗುಳ ಮಾತ್ರ ನನಗೆ.

ಅದನ್ನೂ ನುಂಗುತ್ತಿದ್ದೆ. ಆದರೆ ಅವರು ಊಟಕ್ಕೆ ಕೂಡುವ ಮೊದಲು ಸುಭದ್ರಮ್ಮ, "ನಿನ್ ತಮ್ಮ ಏನ್ ಮಾಡ್ತಾನ?" ಅಂತ ಕೇಳಿದ್ದು ನೆನಪಿದೆಯಾ? ಅಪ್ಪ ಬಾಯಿ ತೆಗೆದಿರಲಿಲ್ಲ, ನೀನೇ ಅಂದಿ, "ಹೈದರಾಬಾದದಾಗ ಓದ್ಲಾಕತ್ಯಾನ್ರಿ." ಅದನ್ನು ಯಾರೂ ನಿನಗೆ ಕಲಿಸಿಕೊಟ್ಟಿರಲಿಲ್ಲ. ನನ್ನ ಮೊದಲ ಸಂಬಳದಲ್ಲಿ ತಂದ ಸೀರೆ ಉಟ್ಟುಕೊಂಡು ಅಂದಿ. ಆಗ ನನ್ನ ಅಂಗೈಯಲ್ಲಿ ಕೆಂಡದ ಬೊಬ್ಬೆ ಇತ್ತು, ಅದರ ಉರಿಯೇ ತಿಳಿಯಲಿಲ್ಲ.

ಇನ್ನು ಈ ಮನೆಯಲ್ಲಿ ಇರುವುದಿಲ್ಲ. ಹೋಟೆಲಿನಲ್ಲಿ ಮಲಗಲು ಜಾಗ ಕೊಡುತ್ತಾರೆ. ಅತ್ತೆಗೆ ನಮಸ್ಕಾರ ಹೇಳು. ನಿನಗೆ ಏನೂ ಇಲ್ಲ.

ಹೈದರಾಬಾದಿನಲ್ಲಿ ಓದುತ್ತಿರುವ ನಿನ್ನ ತಮ್ಮ,
ಆನಂದಕುಮಾರ

ತಾ.ಕ.: ಪಾಕೀಟು ಕೆಟ್ಟಿರಲಿಲ್ಲ. ಮರೆತೂ ಇರಲಿಲ್ಲ. ಆ ರೊಟ್ಟಿ ಅವ್ವ ಎಳ್ಳಮಾವಾಸ್ಯೆಗೆ ಅಂತ ಬಡಿದಿಟ್ಟಿದ್ದವು. ಹಬ್ಬಕ್ಕೆ ಮೂರು ದಿನ ಇರುವಾಗ ಹೋದಳಲ್ಲ, ರೊಟ್ಟಿ ಕಟ್ಟಿದ ಬಟ್ಟೆ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ನಿನ್ನನ್ನು ನೋಡಲು ಬರುವ ದಿನ ಅವಳ ಕೈಯದೂ ಏನಾದರೂ ತಟ್ಟೆಯಲ್ಲಿ ಇರಲಿ ಅನ್ನಿಸಿತು. ಹೇಳಿದ್ದರೆ ಅಳುತ್ತಿದ್ದಿ, ಕಾಡಿಗೆ ಹಚ್ಚಿಕೊಂಡಿದ್ದಿ. ಎಂಟು ಹಾಕಿದೆ. ಒಂದು ಉಳಿದಿದೆ, ಹಿಟ್ಟಿನ ಡಬ್ಬಿಯ ಹಿಂದೆ. ಅಂಚಿನಲ್ಲಿ ಅವಳ ನಾಲ್ಕು ಬೆರಳು ಮೂಡಿವೆ. ಅಪ್ಪನಿಗೆ ಕೊಡಬೇಡ. ಅವನು ಅಂಗಳದಿಂದ ಕೂಗುತ್ತಿದ್ದಾನೆ, ನಾನು ಹೊರಟೆ. ಬಾಗಿಲು ಧಡ್ ಅಂತ ಹಾಕಿಯೇ ಹೋಗುತ್ತೇನೆ, ನಾರಾಯಣಖೇಡಕ್ಕೆ ಕೇಳಿಸಬೇಕು.