ಕೆಳಗಿಳಿದ ಗೆರೆ

ಅಣ್ಣಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಾಗೆಯೇ ಓದಿಕೋ.

ಲ್ಯಾಬಿನಲ್ಲಿ ಮೊದಲನೆಯ ಆಕ್ಟೋಪಸ್ ಕೊಂದು ತೆಗೆದ ಕಣ್ಣಿಗೆ ತಂತಿ ಜೋಡಿಸಿ ಬೆಳಕು ಹಾಯಿಸಿದಾಗ, ಅದರ ವಿದ್ಯುತ್ತನ್ನು ತೋರಿಸುವ ಪರದೆಯ ಮೇಲಿನ ಗೆರೆ ಸರ್ರನೆ ಕೆಳಗಿಳಿಯಿತು. ನೀನು ಹಿಂದಿನಿಂದ ಬಂದು ಎಲ್ಲರೆದುರು, “ಏನೇ, ತಂತಿ ಉಲ್ಟಾ ಕೊಟ್ಟಿದೀಯಲ್ಲೇ! ಇಷ್ಟು ವರ್ಷ ಇದೇನಾ ಕಲ್ತಿದ್ದು?” ಎಂದು ನಕ್ಕುಬಿಟ್ಟೆ. ತಂತಿ ಸರಿಯಾಗಿಯೇ ಇತ್ತು ಕಣೋ. ಅಡುಗೆಮನೆಯ ಮೇಜಿನ ಮೇಲೆ ನನಗೆ ಬೆಸುಗೆ ಹಾಕಲು ಕಲಿಸಿದವನೇ ನೀನು. ನಿನ್ನ ಪಾಠದ ಮೇಲೂ ನಿನಗೆ ನಂಬಿಕೆಯಿಲ್ಲವೇ?

ನಿನ್ನ ಆಯುಷ್ಯವೆಲ್ಲ ಕಪ್ಪೆಯ ಕಣ್ಣಿನಲ್ಲೇ ಕಳೆದಿದೆ. ಅಲ್ಲಿ ಗೆರೆ ಚೂರು ತಗ್ಗಿ ಮೇಲೇಳುತ್ತದೆ. ಹಾಗಾಗಿ ಲೋಕದ ಕಣ್ಣುಗಳೆಲ್ಲ ಮೇಲೇಳಲೇಬೇಕು! ಕಪ್ಪೆಯ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಬೆಳಕಿಗೆ ಬೆನ್ನು ಹಾಕಿವೆ, ಆಕ್ಟೋಪಸ್‌ನದರಲ್ಲಿ ಮುಖ ಕೊಟ್ಟು ನಿಂತಿವೆ, ವಿದ್ಯುತ್ತಿನ ಗೆರೆ ಬೇರೆಯಾಗುವುದು ಸಹಜ ಎಂದು ಬಾಯಿ ನೋಯುವಷ್ಟು ಹೇಳಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಹೇಳಿ ಏನು ಪ್ರಯೋಜನ? “ಈ ಕಣ್ಣು ಕೆಟ್ಟಿದೆ, ಇನ್ನೊಂದರಲ್ಲಿ ನೋಡೋಣ” ಎಂದೆ ನೀನು.

ಇನ್ನೊಂದು ಎಂದರೆ ತೊಟ್ಟಿಯಲ್ಲಿ ಉಳಿದಿದ್ದ ಒಂದೇ ಆಕ್ಟೋಪಸ್, ನಮ್ಮ ಬಿನ್ನಾಣಗಿತ್ತಿ. ನಾನು ಕೈಯಾರೆ ಏಡಿ ತಿನ್ನಿಸಿ ಸಾಕಿದವಳು. ನನ್ನನ್ನು ಕಂಡರೆ ಮೈಬಣ್ಣ ಬದಲಿಸುತ್ತಿದ್ದವಳು. ಒಮ್ಮೆ ನಿನ್ನ ಹೊಸ ಅಂಗಿಯ ಮೇಲೆ ನೀರು ಚಿಮ್ಮಿಸಿದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವಲ್ಲೋ! ಅವಳನ್ನು ಮಾತ್ರ ಮುಟ್ಟಬೇಡ ಎಂದು ಹೇಳಿಯೇ ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ತೊಟ್ಟಿ ಖಾಲಿ. “ಒಂಚೂರೂ ಗಲಾಟೆ ಮಾಡ್ಲಿಲ್ಲ ಕಣೇ, ಕೈ ಇಟ್ಟ ತಕ್ಷಣ ತಾನಾಗೇ ಹತ್ಕೊಂಡು ಬಂತು” ಎಂದೆ ನೀನು, ಒಳ್ಳೆಯ ಸುದ್ದಿ ಹೇಳುವವನಂತೆ. ಬಾರದೆ ಏನು ಮಾಡುತ್ತಾಳೆ? ನೀರಿಗಿಳಿದ ಕೈಯಲ್ಲಿ ಊಟವಿರುತ್ತದೆ ಎಂದು ಅವಳಿಗೆ ಕಲಿಸಿದವಳು ನಾನು.

ಅವಳ ಕಣ್ಣೂ ಅದನ್ನೇ ಹೇಳಿತು. ಬೆಳಕು ಬಿದ್ದಾಗಲೆಲ್ಲ ಗೆರೆ ಕೆಳಗೇ ಇಳಿಯಿತು. ಅವಳು ಸತ್ತು ಎಷ್ಟೋ ಹೊತ್ತಾದ ಮೇಲೂ ಇಳಿಯುತ್ತಲೇ ಇತ್ತು. “ಅರೆ, ನೀನು ಹೇಳಿದ್ದೇ ಸರಿ!” ಎಂದು ನನ್ನ ಬೆನ್ನು ತಟ್ಟಿದೆ ನೀನು. ಆ ಬೆನ್ನು ಇನ್ನೂ ಉರಿಯುತ್ತಿದೆ.

ಸಂಶೋಧನಾ ಪ್ರಬಂಧದಲ್ಲಿ ನನ್ನ ಹೆಸರನ್ನು ಮೊದಲು ಹಾಕುತ್ತೀಯಂತೆ, ಅಮ್ಮ ಸಂಭ್ರಮದಿಂದ ಹೇಳಿದಳು. ನನಗೆ ಬೇಡ. ಎರಡನೆಯ ಪ್ರಾಣಿಯನ್ನು ಕೊಂದದ್ದು ಏಕೆ ಎನ್ನುವ ಕಡೆ, ‘ತಂಗಿಯ ಮಾತು ನಂಬದ್ದಕ್ಕೆ’ ಎಂದು ಬರೆ. ಹಾಗೆ ಬರೆದ ದಿನ ಮತ್ತೆ ಲ್ಯಾಬಿಗೆ ಬರುತ್ತೇನೆ.

ತೊಟ್ಟಿಗೆ ಹೊಸ ಆಕ್ಟೋಪಸ್ ತಂದಿದ್ದೀಯಂತೆ. ಚೆನ್ನಾಗಿರು ಅಣ್ಣಾ. ನಿನ್ನ ಕೈಯನ್ನು ಮಾತ್ರ ಅದು ಎಂದೂ ನಂಬದಿರಲಿ.

ಇಂತಿ,
ತಂತಿ ಸರಿಯಾಗಿಯೇ ಕೊಟ್ಟಿದ್ದ ನಿನ್ನ ತಂಗಿ