ಆಷಾಢದಲ್ಲೇ ಹೊರಡುತ್ತೇವೆ

ಕೌಲ್ ಬಜಾರ್, ಬಳ್ಳಾರಿ
22-6-2008, ಭಾನುವಾರ

ಚಿರಂಜೀವಿ ಯರ್ರಿಸ್ವಾಮಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ? ನಿನ್ನ ಬಂದರಿನ ಕಡೆ ಮಳೆ ಹಿಡಿದರೆ ಬಿಡುವುದೇ ಇಲ್ಲವಂತೆ. ಮಳೆಗಾಲಕ್ಕೆ ಹಡಗುಗಳು ನಿಂತ ಮೇಲೂ ಅದಿರಿನ ರಾಶಿ ಕಾಯುತ್ತ ಅಲ್ಲೇ ಕೂತಿದ್ದೀಯ. ಒದ್ದೆ ಬಟ್ಟೆಯಲ್ಲಿ ತಿರುಗಬೇಡ, ಚಿಕ್ಕಂದಿನಿಂದಲೂ ನಿನಗೆ ಬೇಗ ಎದೆ ಕಟ್ಟುತ್ತದೆ. ಹೋಟೆಲಿನ ಅನ್ನ ಒಗ್ಗದಿದ್ದರೆ ಹೇಳು, ಖಡಕ್ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ನಿಮ್ಮ ಲಾರಿಯವರ ಕೈಯಲ್ಲಿ ಕಳಿಸುತ್ತೇನೆ. ಇಲ್ಲಿ ನಿನ್ನ ಹೆಂಡತಿ, ಮಕ್ಕಳು ಆರಾಮ. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ಕಾರಹುಣ್ಣಿಮೆಗೆ ಹೋಳಿಗೆ ಮಾಡಿದ್ದೆವು, ನಿನ್ನ ನೆನಪಾಯಿತು. ನೆನಪಾಯಿತು ಎಂದು ಬರೆದಿದ್ದಕ್ಕೆ ನಾನು ಮೆತ್ತಗಾಗಿದ್ದೇನೆ ಎಂದುಕೊಳ್ಳಬೇಡ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾತು ನಿನಗೆ ಹಿಡಿಸದ ಕಡೆ ತಿರುಗಿದ ಕೂಡಲೇ ನಿನ್ನ ಫೋನಿನ ಸಿಗ್ನಲ್ ಹೋಗಿಬಿಡುತ್ತದೆ. ಮೊನ್ನೆಯೂ ಹಾಗೇ ಆಯಿತು. “ಅತ್ತಿಗಿ ಆ ಸಮುದ್ರಕ್ಕ ಹೋದ್ರ ನಾನು ನಿನ್ನ ಮನಿ ಹೊಸ್ತಿಲು ತುಳಿಯಂಗಿಲ್ಲ ನೋಡವ್ವಾ” ಅಂದೆ, ನಾನು ಬಾಯಿ ತೆಗೆಯುವುದರೊಳಗೆ ಲೈನು ಕಟ್. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಕೂತು ಪೂರ್ತಿ ಓದು. ಹೊಸ್ತಿಲು ತುಳಿಯುವುದು ಬಿಡುವುದು ನಿನ್ನ ಕಾಲಿಗೆ ಬಿಟ್ಟಿದ್ದು. ನಿನ್ನ ಅತ್ತಿಗೆ ಸರೋಜಾ ಹೋಗುತ್ತಾಳೆ. ಅವಳ ಜೊತೆ ನಾನೂ ಹೋಗುತ್ತೇನೆ. ಆಷಾಢ ಹುಟ್ಟಿದ ಮೇಲೆ ಗುಂತಕಲ್ಲಿನಿಂದ ಮುಂಬೈ ರೈಲು, ಅಲ್ಲಿಂದ ಮಾರಿಷಸ್ಸಿಗೆ ವಿಮಾನ. ಟಿಕೆಟ್ ಆಗಿದೆ.

ನಿನ್ನ ಅತ್ತಿಗೆಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದೆಯಲ್ಲ, ಹೇಳುತ್ತೇನೆ. ನೀನು ಕೇಳಿದ ಕಥೆ ಕುರುಗೋಡಿನ ನಿನ್ನ ಸೋದರಮಾವನ ಮನೆಯವರ ಬಾಯಿಂದ ಬಂದದ್ದು. ನಾನು ಕಣ್ಣಾರೆ ನೋಡಿದವಳು. ಹೋದ ವರ್ಷದ ಆಷಾಢದಲ್ಲಿ ಸಿರುಗುಪ್ಪದ ಅಕ್ಕಿ ಮಿಲ್ಲೊಂದಕ್ಕೆ ನಮ್ಮ ಶೆಡ್ಡಿನಿಂದ ಭತ್ತ ಮುಚ್ಚುವ ದೊಡ್ಡ ತಾಡಪಾಲು ಹೊಲಿದುಕೊಟ್ಟಿದ್ದೆವು. ಅಳತೆ ಸರಿಯಾಗಿದೆಯೇ ನೋಡಲು ನಾನೂ ಸರೋಜಾಳೂ ನಮ್ಮ ಶೆಡ್ಡಿನ ಟೈಲರ್ ಪೀರಸಾಬನೂ ಹೋಗಿದ್ದೆವು. ಮಿಲ್ಲಿನ ಅಂಗಳ ನಿನಗೆ ಗೊತ್ತಲ್ಲ, ನಮ್ಮ ಓಣಿಯಷ್ಟು ಉದ್ದ. ಕರೂರಿನ ಕಡೆಯ ಭತ್ತವನ್ನು ಒಣಗಲು ಹರವಿದ್ದರು. ಮಳೆ ಮೋಡ ಕವಿಯಿತೆಂದು ಎಲ್ಲರೂ ಮುಚ್ಚಲು ಓಡಿದರು. ತಾಡಪಾಲು ಹೊದಿಸುವಾಗ ಗಾಳಿ ಬರುವ ಕಡೆಯ ಅಂಚನ್ನು ಮೊದಲು ಬಿಗಿಯಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ನಮ್ಮ ಶೆಡ್ಡಿಗೆ ಹೊಸದಾಗಿ ಬಂದವರಿಗೆಲ್ಲ ಸರೋಜಾಳೇ ಇದನ್ನು ಹೇಳಿಕೊಡುತ್ತಾಳೆ. ಅವತ್ತು ಅವಳೇ ಮರೆತಳು. ಅವಸರಕ್ಕೆ ಎರಡು ಮೂಲೆಯ ಹಗ್ಗವನ್ನೂ ಎರಡು ಕೈಗೆ ಸುತ್ತಿಕೊಂಡು ನಿಂತಳು. ಗಾಳಿ ಒಳಗೆ ನುಗ್ಗಿತು, ತಾಡಪಾಲು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ಮೇಲೆದ್ದಿತು, ಇವಳನ್ನು ಎಳೆದುಕೊಂಡು ಹೊರಟಿತು.

ಬೀಳಬೇಕಿತ್ತು, ಬೀಳಲಿಲ್ಲ. ಕಾಲ ಕೆಳಗೆ ಭತ್ತ ಇತ್ತಲ್ಲ, ನಿಂತ ನಿಲುವಿನಲ್ಲೇ ಅದರ ಮೇಲೆ ಜಾರುತ್ತ ಹೋದಳು. ನಾನು “ಹಗ್ಗ ಬಿಡಲೇ ಸರೋಜಾ, ಹಗ್ಗ ಬಿಡು!” ಎಂದು ಕೂಗಿಕೊಂಡೆ. ಅವಳು ಹಿಂದೆ ತಿರುಗಿ “ಬಿಡಂಗಿಲ್ರೀ ಅತ್ತೀ!” ಅಂದಳು. ಮೊದಲು ಕೈ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡೆ. ಆಮೇಲೆ ನೋಡಿದರೆ ನಗುತ್ತಿದ್ದಾಳೆ. ಅಂಗಳದ ಆ ತುದಿಯ ಬೇವಿನ ಮರಕ್ಕೆ ತಾಡಪಾಲು ಸಿಕ್ಕಿಕೊಳ್ಳುವವರೆಗೂ ನಗುತ್ತಲೇ ಹೋದಳು. ಹಮಾಲರು ಚಪ್ಪಾಳೆ ಹೊಡೆದರು. ಪೀರಸಾಬ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಯಾ ಅಲ್ಲಾ, ನಮ್ಮ ಸರೋಜವ್ವ ವಿಮಾನ ಆದ್ಲು” ಅಂದ. ನಾನು ಹತ್ತಿರ ಹೋಗಿ, ಚೆಲ್ಲಿದ ಭತ್ತ ಗುಡಿಸು ಅಂದೆ, ಅಷ್ಟೇ. ಗುಡಿಸುತ್ತಲೂ ನಕ್ಕಳು. ನಿನ್ನ ಅಣ್ಣ ಉಚ್ಚೆಂಗೆಪ್ಪ ಹೊಸಪೇಟೆ ರಸ್ತೆಯಲ್ಲಿ ಲಾರಿ ಮಗುಚಿ ತೀರಿಹೋದ ಮೇಲೆ ಅವಳು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ನೀನು ನೋಡಿಲ್ಲ. ನೀನು ಬಂದಾಗ ಅವಳು ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ. ಏಕೆ ಬರುವುದಿಲ್ಲ ಎಂದು ನೀನೂ ಕೇಳಿದವನಲ್ಲ.

ಪೀರಸಾಬನ ಮಗಳು ಫರ್ಜಾನಾ ಬಕ್ರೀದಿಗೆ ತವರಿಗೆ ಬಂದಿದ್ದಳು. ಮದುವೆಗೆ ಮುಂಚೆ ನಮ್ಮ ಶೆಡ್ಡಿನಲ್ಲಿ ಸರೋಜಾಳ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿಯುತ್ತಿದ್ದ ಹುಡುಗಿ. ಅವಳ ಗಂಡ ಜಾವೇದ್ ಮಾರಿಷಸ್ಸಿನಲ್ಲಿ ಸಮುದ್ರದ ಪಕ್ಕದ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಅವಳ ಫೋನಿನಲ್ಲಿ ಅಲ್ಲಿನ ಜನ ಆಡುವ ಆಟ ಇತ್ತು. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು, ಅದಕ್ಕೆ ಕಟ್ಟಿದ ದೊಡ್ಡ ಗಾಳಿಪಟವನ್ನು ಆಕಾಶಕ್ಕೆ ಬಿಟ್ಟು, ಅದು ಎಳೆದ ಹಾಗೆ ನೀರಿನ ಮೇಲೆ ಜಾರುತ್ತಾರೆ. ಕೈಟ್ ಸರ್ಫಿಂಗ್ ಅನ್ನುತ್ತಾರಂತೆ. ಸರೋಜಾ ನೋಡಿದವಳೇ, “ಅತ್ತೀ, ಇದು ನಮ್ಮ ಸಿರುಗುಪ್ಪದ ಮಿಲ್ಲಿನ ಆಟ ಅಲ್ಲೇನ್ರೀ!” ಅಂದಳು. ಫರ್ಜಾನಾ ನಗುತ್ತ “ಬಾರಕ್ಕಾ, ನಮ್ಮನ್ಯಾಗ ಇರುವಂತಿ, ಅಲ್ಲಿ ಹೆಂಗಸ್ರಿಗೆ ಕಲಿಸಾಕ ಹೆಂಗಸೇ ಅದಾಳ” ಅಂದಳು. ಫರ್ಜಾನಾ ಬಾಯಿಮಾತಿಗೆ ಕರೆದಿರಬಹುದು. ಸರೋಜಾ ಅದನ್ನು ಹಿಡಿದುಕೊಂಡಳು. ಅಂದಿನಿಂದ ಅವಳು ರೊಟ್ಟಿ ಸೀಯಿಸುವುದು ಹೆಚ್ಚಾಗಿದೆ. ತಟ್ಟುತ್ತ ಕಿಟಕಿಯಾಚೆ ಪಕ್ಕದ ಮನೆಯವರ ಒಣಗಿದ ಸೀರೆ ಎತ್ತ ಹಾರುತ್ತಿದೆ ಎಂದು ನೋಡುತ್ತಿರುತ್ತಾಳೆ. ಬೈಯುತ್ತೇನೆ. ಎದುರು ಮಾತಾಡುತ್ತಾಳೆ. ನಮ್ಮಿಬ್ಬರ ನಡುವೆ ಅದು ಇದ್ದದ್ದೇ.

ನೀನು ಸುಮ್ಮನಿರಲಿಲ್ಲ, ಕುರುಗೋಡಿನಿಂದ ನಿನ್ನ ಸೋದರಮಾವ ಹಾಲಸಿದ್ದಪ್ಪನನ್ನು ಕಳಿಸಿದೆ. ಬಂದು ಮಂಡಕ್ಕಿ ಮಿರ್ಚಿ ತಿಂದ, ಚಹಾ ಕುಡಿದ, ಆಮೇಲೆ ಗಂಟಲು ಸರಿಮಾಡಿಕೊಂಡು “ಅಕ್ಕಾ, ಗಂಡ ಸತ್ತಾಕಿ ಗಾಳಿಪಟ ಹಾರಸ್ತಾಳಂತ ಊರೆಲ್ಲ ಆಡಿಕೊಳ್ಳಾಕ ಹತ್ತೈತಿ” ಅಂದ. “ಗಂಡ ಸತ್ತಾಕಿ ನಾನೂ ಅದೀನಲ್ಲೋ, ನನ್ನ ಬಗ್ಗೆ ಯಾಕ ಯಾರೂ ಆಡಿಕೊಳ್ಳವಲ್ರು?” ಅಂದೆ. “ನಿನ್ನ ಮಾತು ಬ್ಯಾರೆ, ನಿನಗ ವಯಸ್ಸಾಗೈತಿ” ಅಂದ. ಹಾಗಾದರೆ ಸರೋಜಾಳ ತಪ್ಪು ಅವಳಿಗಿನ್ನೂ ವಯಸ್ಸಾಗದಿರುವುದೇ? ಅದನ್ನು ಕೇಳಿದ್ದಕ್ಕೆ ಇನ್ನೆರಡು ಮಿರ್ಚಿ ತಿಂದ. ಹೋಗುವಾಗ ಬಾಗಿಲಲ್ಲಿ ನಿಂತು ನಿನ್ನ ಇನ್ನೊಂದು ಮಾತನ್ನೂ ಹೇಳಿಹೋದ. ಶ್ರಾವಣದಲ್ಲಿ ನಿನ್ನ ಹೊಸ ಮನೆಯ ಗೃಹಪ್ರವೇಶ, ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಜರಿ ಸೀರೆ. ಸರೋಜಾ ಮಾತ್ರ “ಊಟದ ಹೊತ್ತಿಗೆ ಹಿತ್ತಲ ಬಾಗಲಿಂದ ಬರಲಿ.” ಇದನ್ನು ನಿನ್ನ ಬಾಯಿಂದ ಹೇಳಲಾಗದೆ ಮಾವನ ಬಾಯಿಂದ ಹೇಳಿಸಿದೆ. ಸರೋಜಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು.

ಬಟ್ಟೆಯ ಬಗ್ಗೆ ಕೇಳಿದ್ದೀಯ. ಅದು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ರಬ್ಬರಿನ ಉಡುಪು. ನಿನ್ನ ಹೆಂಡತಿ ಮೊನ್ನೆ ಮದುವೆಗೆ ಉಟ್ಟ ಸೀರೆಯಲ್ಲಿ ಅದರ ಅರ್ಧದಷ್ಟೂ ಮುಚ್ಚಿರಲಿಲ್ಲ. ನೀನು ನೀರಿನ ಭಯ ಅಂದೆ. ಹಚ್ಚೊಳ್ಳಿಯ ಕಾಲುವೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು ಅವಳು. ಸಮುದ್ರದ ಪಕ್ಕದಲ್ಲೇ ಇರುವ ನೀನು ಇವತ್ತಿನವರೆಗೂ ಮೊಣಕಾಲು ನೀರಿಗೂ ಇಳಿದಿಲ್ಲ, ನಿಮ್ಮ ಡ್ರೈವರ್‌ನೇ ಹೇಳಿದ. ಖರ್ಚಿನ ಚಿಂತೆ ನಿನಗೆ ಬೇಡ. ಶೆಡ್ಡಿನಲ್ಲಿ ಅವಳು ಹಗಲೆಲ್ಲ ದುಡಿದದ್ದಿದೆ, ಅದಿರಿನ ಲಾರಿಗಳಿಗೆಲ್ಲ ತಾಡಪಾಲು ಬೇಕಾಗಿರುವ ಕಾಲ ಇದು. ಇನ್ನು ಪಾಸ್‌ಪೋರ್ಟಿಗೆ ವಿಚಾರಣೆ ಮಾಡಲು ಪೊಲೀಸಪ್ಪ ಬಂದಿದ್ದ. “ಯಾಕ ಹೊಂಟೀರಿ ಅಮ್ಮಾ?” ಅಂತ ಕೇಳಿದ. ಗಾಳಿ ಎಳೆದ ಕಡೆ ಹೋಗಾಕ ಅಂದೆ. ಪಾಪ, ಪ್ರವಾಸ ಎಂದು ಬರೆದುಕೊಂಡು ಹೋದ.

ಈಗ ಆಷಾಢದ ಮಾತು. ಆಷಾಢದಾಗ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರೇನವ್ವಾ ಅಂದೆ. ಹೌದು, ಹುಟ್ಟಿದಾಗಿನಿಂದ ನಾನು ಪಂಚಾಂಗ ಬಿಟ್ಟು ನಡೆದವಳಲ್ಲ. ಆಷಾಢದಲ್ಲಿ ಹೊಸ ಬಳೆಯನ್ನೂ ತೊಟ್ಟಿಲ್ಲ, ಹೊಸ ಮಿಷನ್ ಶೆಡ್ಡಿಗೆ ಬಂದರೂ ಶ್ರಾವಣದವರೆಗೆ ಗೋಣಿ ಹೊದಿಸಿ ಇಟ್ಟಿದ್ದೇನೆ. ಆದರೆ ಆ ದ್ವೀಪದಲ್ಲಿ ಗಾಳಿ ಗಟ್ಟಿಯಾಗಿ ಬೀಸುವುದು ಇದೇ ತಿಂಗಳಲ್ಲಿ, ನಮ್ಮಲ್ಲಿಯ ಹಾಗೆಯೇ. ಗಾಳಿಯ ಕೆಲಸಕ್ಕೆ ಗಾಳಿಯ ತಿಂಗಳು ಬಿಟ್ಟು ಇನ್ನಾವಾಗ ಹೋಗಬೇಕು? ಇನ್ನೊಂದು ಮಾತು ಕೇಳು. ನಿನ್ನ ಅಣ್ಣನ ಲಾರಿಯನ್ನು ಒಳ್ಳೆಯ ದಿನ ನೋಡಿ, ಒಳ್ಳೆಯ ಗಳಿಗೆ ನೋಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಹೂವಿನ ಸರ ಹಾಕಿ ನಾವೆಲ್ಲ ನಿಂತು ಕಳಿಸಿದೆವು. ಆ ಕೆಲಸಕ್ಕೆ ಹೋಗಬೇಡ ಎಂದು ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ. ಊರೂ ಆಡಿಕೊಳ್ಳಲಿಲ್ಲ. ಕೆಂಪು ದೂಳು ಮೆತ್ತಿಕೊಂಡು ಅವನು ಮನೆಗೆ ಬಂದ ರೀತಿ ನಿನಗೂ ನೆನಪಿದೆ. ಅದಾದ ಮೇಲೆ ಅಪಾಯದ ಬಗ್ಗೆ ನೀನು ನನಗೆ ಪಾಠ ಹೇಳುತ್ತೀಯಾ? ನನಗೆ ಹೆದರಿಕೆ ಇದೆ. ಹೆದರಿಕೆ ಇಟ್ಟುಕೊಂಡೇ ಹೋಗುತ್ತಿದ್ದೇನೆ.

ಅಭ್ಯಾಸವೂ ನಡೆದಿದೆ. ಉಳಿದ ತೆಳು ಬಟ್ಟೆಯಲ್ಲಿ ಪೀರಸಾಬ್ ಒಂದು ಗಾಳಿಪಟ ಹೊಲಿದುಕೊಟ್ಟಿದ್ದಾನೆ, ಜೀನ್ಸ್ ಪ್ಯಾಂಟಿಗೆ ಹಾಕುವ ದಪ್ಪ ದಾರದಿಂದ. ಲಾರಿಯ ಪಟ್ಟಿ ಕತ್ತರಿಸಿ ಸೊಂಟಕ್ಕೊಂದು ಮಾಡಿದ್ದಾನೆ. ಭಾನುವಾರ ಬೆಳಗ್ಗೆ ಆಟೊದಲ್ಲಿ ಹಲಕುಂದಿಯ ಕಡೆ ಬಯಲಿಗೆ ಹೋಗುತ್ತೇವೆ. ಸರೋಜಾ ಕಚ್ಚೆ ಹಾಕಿಕೊಂಡು ಗಾಳಿಪಟ ಏರಿಸುತ್ತಾಳೆ. ಅದು ಜಗ್ಗಿದಾಗ ಮುಗ್ಗರಿಸದ ಹಾಗೆ ಹಿಂದಿನಿಂದ ಸೊಂಟದ ಪಟ್ಟಿ ಹಿಡಿದು ನಿಲ್ಲುವ ಕೆಲಸ ನನ್ನದು. ಕಲಿಯುವವರನ್ನು ಅಲ್ಲಿಯೂ ಹಾಗೇ ಹಿಡಿಯುತ್ತಾರಂತೆ. ಇವತ್ತು ಬೆಳಗ್ಗೆ ಗಾಳಿ ಜೋರಾಗಿತ್ತು. ನನ್ನನ್ನೂ ಸೇರಿಸಿ ನಾಲ್ಕು ಹೆಜ್ಜೆ ಎಳೆಯಿತು. “ಬಿಟ್ಟೀರಿ ಅತ್ತೀ!” ಎಂದು ಅವಳು ಕೂಗಿದಳು. “ನಾ ಯಾಕ ಬಿಡ್ಲೇ, ನೀ ಮುಂದ ನೋಡು” ಅಂದೆ. ಕುರಿ ಕಾಯುವವರು ನಿಂತು ನೋಡುತ್ತಿದ್ದರು. ನೋಡಲಿ. ನನ್ನ ಮೊಣಕಾಲಿಗೆ ಈಗ ಎಣ್ಣೆ ಹಚ್ಚಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ, ಎಣ್ಣೆ ಹಚ್ಚಿದವಳೂ ಅವಳೇ.

ನಾವು ಇಲ್ಲದಾಗ ಶೆಡ್ಡಿನ ಬೀಗ ಪೀರಸಾಬನ ಹತ್ತಿರ ಇರುತ್ತದೆ. ನಿನ್ನ ಅದಿರಿನ ರಾಶಿಗೆ ತಾಡಪಾಲು ಬೇಕಾದರೆ ಅವನಿಗೇ ಹೇಳು, ದರ ಕಡಿಮೆ ಮಾಡೆಂದು ಚೌಕಾಸಿ ಮಾಡಬೇಡ. ಮಕ್ಕಳಿಗೆ ಶಂಖ, ಚಿಪ್ಪು ತರುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಿಟ್ಟಿನಲ್ಲಿ ಉಪವಾಸ ಮಲಗುವ ಚಾಳಿ ನಿನಗೆ ನಿಮ್ಮ ಅಪ್ಪನಿಂದ ಬಂದದ್ದು, ಬಿಡು. ದೊಡ್ಡಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ತಾಯಿ,
ಶಿವಬಸಮ್ಮ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿಗೆ ಹಾಕಲು ಪೀರಸಾಬ್ ಬಾಗಿಲಲ್ಲಿ ಕಾಯುತ್ತಿದ್ದಾನೆ. ನಿನ್ನ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವಳು ಸರೋಜಾ. ಮುಂಬಾಗಿಲಿನಿಂದ ಬರುತ್ತಾಳೆ, ಒಲೆ ಅವಳೇ ಹಚ್ಚುತ್ತಾಳೆ, ಮೊದಲ ಲೋಟ ಹಾಲು ನಿನಗೆ ಅವಳ ಕೈಯಿಂದಲೇ. ಬಿಸಿಲಿಗೆ ಕಪ್ಪಗಾಗಿರುತ್ತಾಳೆ, ಅಂಗೈಯಲ್ಲಿ ಬೊಬ್ಬೆಗಳಿರುತ್ತವೆ, ಯಾರೂ ನಗಕೂಡದು. ಅವಳಿಗೆ ಇದನ್ನು ಇನ್ನೂ ಹೇಳಿಲ್ಲ. ನಿನ್ನ ಬಾಯಿಂದಲೇ ಕೇಳಲಿ. ಒಪ್ಪಿಗೆ ಇದ್ದರೆ ನಾವು ವಾಪಸು ಬರುವ ದಿನ ಜೀಪು ತಗೊಂಡು ಗುಂತಕಲ್ ಸ್ಟೇಷನ್ನಿಗೆ ನೀನೇ ಬಾ, ಡ್ರೈವರ್‌ನನ್ನು ಕಳಿಸಬೇಡ. ನೀನು ಬರದಿದ್ದರೆ ನಾವಿಬ್ಬರೂ ಬಸ್ಸಿನಲ್ಲಿ ಊರಿಗೆ ಬರುತ್ತೇವೆ. ಆ ಬಸ್ಸು ನಿನ್ನ ಹೊಸ ಮನೆಯ ಕಡೆ ಹೋಗುವುದಿಲ್ಲ.